ಹೊಸ ಬೋರ್‌ವೆಲ್ ಕೊರೆಸುವ ಮೊದಲು ನಾವು ಟ್ಯಾಂಕ್ ಅಳೆದೆವು

ಊರಿಗೆ ನೀರು ಸಾಲುತ್ತಿಲ್ಲ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ, ಇನ್ನೊಂದು ಬೋರ್‌ವೆಲ್ ಕೊರೆಸಿ. ನಮ್ಮ ನೀರು ಸಮಿತಿಯಲ್ಲೂ ಹಾಗೇ ಆಯಿತು. ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ಆಗಲೇ ಪೈಪ್‌ಲೈನಿನ ಕೊನೆಯ ಬೀದಿಗಳಿಗೆ ನೀರು ಹೋಗುವುದು ನಿಂತಿತ್ತು. ನಾನು ಸಮಿತಿಗೆ ಹೊಸಬ. ಲೆಕ್ಕಪತ್ರ ನೋಡಿಕೊಳ್ಳಲಿ ಅಂತ ಸೇರಿಸಿಕೊಂಡಿದ್ದರು. ಹಾಗಾಗಿ ನನಗೆ ಗೊತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: ದಿನಕ್ಕೆ ನಾವು ಎಷ್ಟು ನೀರು ಎತ್ತುತ್ತಿದ್ದೇವೆ, ಅದರಲ್ಲಿ ಎಷ್ಟು ಮನೆಗಳಿಗೆ ಮುಟ್ಟುತ್ತಿದೆ?

ಮೊದಲನೆಯದಕ್ಕೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದರು. ಎರಡನೆಯದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಕಥೆ ಅಲ್ಲ. ಪಂಪಿನಿಂದ ಹೊರಟರೂ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 12,600 ಕೋಟಿ ಘನ ಮೀಟರ್ ಅಂತ 2019ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್. ದೊಡ್ಡ ನಗರಗಳಿಗೆ ಇಂಜಿನಿಯರುಗಳು, ಯಂತ್ರಗಳು ಎಲ್ಲ ಇರುತ್ತವೆ. ಸಣ್ಣ ಊರಿಗೆ ಇರುವುದು ಒಬ್ಬ ನೀರುಗಂಟಿ, ಒಂದು ಸ್ಪ್ಯಾನರ್, ಒಂದೋ ಎರಡೋ ಟ್ಯಾಂಕ್. ಅಷ್ಟರಲ್ಲೇ ಏನೇನು ಮಾಡಬಹುದು ಅನ್ನೋದನ್ನ ನಾವು ಮಾಡಿ ನೋಡಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಂಪ್. ಅದರ ಮೇಲೆ ಗಂಟೆಗೆ ಇಷ್ಟು ಲೀಟರ್ ಅಂತ ಅಚ್ಚಾಗಿರುತ್ತದಲ್ಲ, ಅದನ್ನೇ ಗಂಟೆಗಳ ಲೆಕ್ಕದಲ್ಲಿ ಗುಣಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡು ಬಂದಿದ್ದರು. ಆದರೆ ಬೋರ್‌ವೆಲ್ಲಿನ ನೀರಿನ ಮಟ್ಟ ಕೆಳಗೆ ಇಳಿದ ಹಾಗೆ ಅದೇ ಪಂಪ್ ಕಡಿಮೆ ನೀರು ಎತ್ತುತ್ತದೆ, ಒಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದರೆ ಇನ್ನೂ ಕಡಿಮೆ. ಸರಿಯಾಗಿ ತಿಳಿಯಬೇಕಾದರೆ ಪಂಪಿನಿಂದ ಬರುವ ಒಟ್ಟು ನೀರು ಅಳೆಯುವ ಬಲ್ಕ್ ಮೀಟರ್ ಹಾಕಬೇಕು. ಅದು ಬರುವ ತನಕ ಸುಮ್ನೆ ಕೂರುವ ಬದಲು ಟ್ಯಾಂಕನ್ನೇ ಮೀಟರ್ ಮಾಡಿಕೊಂಡೆವು. ನಮ್ಮ ದುಂಡನೆಯ ಓವರ್‌ಹೆಡ್ ಟ್ಯಾಂಕಿನ ಒಳ ಅಗಲ 8 ಮೀಟರ್. ಅಂದರೆ ತಳದ ವಿಸ್ತೀರ್ಣ ಸುಮಾರು 50 ಚದರ ಮೀಟರ್. ನೀರು 1 ಸೆಂಟಿಮೀಟರ್ ಏರಿದರೆ 500 ಲೀಟರ್ ಬಂತು ಅಂತ ಲೆಕ್ಕ. ಹೊರಗೆ ಹೋಗುವ ವಾಲ್ವ್ ಮುಚ್ಚಿ, ಪಂಪ್ ಒಂದು ಗಂಟೆ ಓಡಿಸಿ, ಎಷ್ಟು ಸೆಂಟಿಮೀಟರ್ ಏರಿತು ಅಂತ ನೋಡಿದೆವು. ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಕಾಲು ಭಾಗ ಕಡಿಮೆ ಬರುತ್ತಿತ್ತು.

ಅಳೆಯುವ ವಿಧಾನ ತೀರಾ ಸರಳ. ಉದ್ದನೆಯ ನೇರ ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ, ಅದರ ಮೇಲೆ ಚಾಕ್ ಪುಡಿ ಬಳಿದು, ಟ್ಯಾಂಕಿನ ಮುಚ್ಚಳದಿಂದ ತಳ ಮುಟ್ಟುವವರೆಗೆ ಇಳಿಸುವುದು. ಮೇಲೆತ್ತಿದಾಗ ಎಲ್ಲಿಯವರೆಗೆ ಪುಡಿ ನೆನೆದಿದೆಯೋ ಅಲ್ಲಿಗೆ ನೀರು. ಕೋಲು ಶುಚಿಯಾಗಿರಬೇಕು, ಯಾಕೆಂದರೆ ಅದು ಕುಡಿಯುವ ನೀರಿಗೆ ಇಳಿಯುತ್ತದೆ, ಇಳಿಸುವ ಮೊದಲು ಕ್ಲೋರಿನ್ ನೀರಲ್ಲಿ ಒರೆಸಬೇಕು. ಟ್ಯಾಂಕ್ ಹತ್ತುವಾಗ ಒಬ್ಬರೇ ಹೋಗಬಾರದು, ಸೊಂಟಕ್ಕೆ ಹಗ್ಗ ಇರಲೇಬೇಕು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ಆಮೇಲೆ ಬಂತು ನಕ್ಷೆಯ ಸಮಸ್ಯೆ. ಪೈಪ್ ಎಲ್ಲಿ ಹೋಗುತ್ತದೆ, ಯಾವ ವಾಲ್ವ್ ಮುಚ್ಚಿದರೆ ಯಾವ ಬೀದಿಗೆ ನಿಲ್ಲುತ್ತದೆ ಅನ್ನುವ ಕಾಗದ ಎಲ್ಲೂ ಇರಲಿಲ್ಲ. ಎಲ್ಲ ಇದ್ದಿದ್ದು ನೀರುಗಂಟಿ ಅಣ್ಣನ ತಲೆಯಲ್ಲಿ. ಅವರು ಈ ಕೆಲಸಕ್ಕೆ ಸೇರಿದಾಗ ನಾನು ಶಾಲೆಯಲ್ಲಿದ್ದೆ. ಅವರ ಜೊತೆ ಬೀದಿ ಬೀದಿ ನಡೆದೆ. "ಇಲ್ಲಿ ಒಂದು ಟೀ ಇದೆ ಸಾರ್, ಆ ಕಡೆ ಎಂಡ್ ಕ್ಯಾಪ್ ಹಾಕಿದ್ದೀವಿ" ಅಂತ ಅವರು ಹೇಳುತ್ತಾ ಹೋದರು, ನಾನು ಗೀಚುತ್ತಾ ಹೋದೆ. ಟೀ ಅಂದರೆ ಪೈಪ್ ಕವಲೊಡೆಯುವ ಜಾಗ, ಎಂಡ್ ಕ್ಯಾಪ್ ಅಂದರೆ ಪೈಪಿನ ತುದಿಯ ಮುಚ್ಚಳ. ಎಷ್ಟೋ ವಾಲ್ವ್‌ಗಳ ಮೇಲೆ ರಸ್ತೆಯವರು ಟಾರು ಹಾಕಿಬಿಟ್ಟಿದ್ದರು. ಅಣ್ಣ ಕಾಲಲ್ಲಿ ತೋರಿಸಿದ ಜಾಗದಲ್ಲಿ ಅಗೆದರೆ ವಾಲ್ವ್ ಸಿಗುತ್ತಿತ್ತು, ಹೆಚ್ಚೆಂದರೆ ಒಂದು ಗೇಣು ಆಚೆ ಈಚೆ. ಈ ಮನುಷ್ಯ ನಿವೃತ್ತಿಯಾಗಿ ಹೋಗಿದ್ದರೆ ಊರಿನ ಅರ್ಧ ಪೈಪ್‌ಲೈನ್ ಜೊತೆಗೇ ಹೋಗಿಬಿಡುತ್ತಿತ್ತು. ಅವರಿಗೆ ಸಿಗುವ ಸಂಬಳ, ಮರ್ಯಾದೆ ಎರಡೂ ಅವರ ಕೆಲಸಕ್ಕೆ ತಕ್ಕದ್ದಲ್ಲ, ಇದನ್ನ ನಾನು ಸಭೆಯಲ್ಲಿ ಎಷ್ಟು ಸಲ ಹೇಳಿದ್ದರೂ ಕಡಿಮೆಯೇ.

ನಕ್ಷೆ ಕೈಗೆ ಬಂದ ಮೇಲೆ ರಾತ್ರಿ ಪರೀಕ್ಷೆಗೆ ಇಳಿದೆವು. ರಾತ್ರಿಯೇ ಯಾಕೆ ಅಂದರೆ, ನಡುರಾತ್ರಿ ಕಳೆದ ಮೇಲೆ ಜನ ಮಲಗಿರುತ್ತಾರೆ, ನಲ್ಲಿಗಳು ಮುಚ್ಚಿರುತ್ತವೆ. ಆಗಲೂ ಟ್ಯಾಂಕಿನಲ್ಲಿ ನೀರು ಇಳಿಯುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಸೋರಿಕೆ. ನೀರಿನ ಕೆಲಸದವರು ಇದನ್ನು ರಾತ್ರಿಯ ಕನಿಷ್ಠ ಹರಿವು ಅನ್ನುತ್ತಾರೆ. ದಿನವಿಡೀ ನೀರು ಬರುವ ಊರಲ್ಲಿ ಇದು ಸುಲಭ. ನಮ್ಮಲ್ಲಿ ಸರದಿ ಮೇಲೆ ನೀರು ಬಿಡುವುದು, ಒಂದೊಂದು ಕಡೆಗೆ ದಿನಕ್ಕೆ ಆರು ಗಂಟೆ. ಹಾಗಾಗಿ ಜನ ನಲ್ಲಿಯನ್ನ ಮುಚ್ಚುವುದೇ ಇಲ್ಲ, ಬಂದಾಗ ತುಂಬಲಿ ಅಂತ ಸಂಪಿಗೆ ಬಿಟ್ಟಿರುತ್ತಾರೆ. ಪರೀಕ್ಷೆಯ ರಾತ್ರಿ ಎಲ್ಲರೂ ಮನೆಗೆ ಬರುವ ನೀರನ್ನು ನಿಲ್ಲಿಸುವ, ಮನೆ ಮುಂದಿನ ಸ್ಟಾಪ್‌ಕಾಕ್ ಮುಚ್ಚಬೇಕಿತ್ತು. ಒಂದು ಟ್ಯಾಂಕಿನಡಿ ಬರುವ ಬೀದಿಗಳನ್ನಷ್ಟೇ ಆರಿಸಿಕೊಂಡು, ಮನೆ ಮನೆಗೆ ಹೋಗಿ ಹೇಳಿದೆವು. ಸಂಜೆ ಮತ್ತೆ ಹೋಗಿ ನಾವೇ ತಿರುಗಿಸಿ ನೋಡಿದೆವು. ಸ್ಟಾಪ್‌ಕಾಕೇ ಇಲ್ಲದ ಮನೆಗಳಿಗೆ ಸಂಪಿನ ಪೈಪಿಗೆ ಮುಚ್ಚಳ ಹಾಕಿಸಿದೆವು.

ರಾತ್ರಿ ಒಂದು ಗಂಟೆಗೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಬೀದಿಗಳಿಗೆ ಹೋಗುವ ವಾಲ್ವ್ ತೆರೆದೆವು. ಪೈಪೆಲ್ಲ ತುಂಬಿ ಹರಿವು ಒಂದೇ ಸಮ ಆಗುವ ತನಕ ಕಾದು, ಕೋಲು ಇಳಿಸಿದೆವು. ಎರಡು ಗಂಟೆ ಬಿಟ್ಟು ಮತ್ತೆ ಇಳಿಸಿದಾಗ ನೀರು 36 ಸೆಂಟಿಮೀಟರ್ ಕೆಳಗೆ ಹೋಗಿತ್ತು. ಅಂದರೆ 18,000 ಲೀಟರ್. ಗಂಟೆಗೆ 9,000. ಇಡೀ ಊರು ಮಲಗಿರುವಾಗ, ಒಂದೂ ನಲ್ಲಿ ತೆರೆಯದೆ.

ಮೊದಲು ಯಾರೂ ನಂಬಲಿಲ್ಲ, ಕೋಲು ಸರಿಯಾಗಿ ಇಳಿದಿಲ್ಲ ಅಂದರು. ಮತ್ತೊಂದು ರಾತ್ರಿ ಮಾಡಿದಾಗಲೂ ಹತ್ತಿರ ಹತ್ತಿರ ಅದೇ ಬಂತು. ದಿನಕ್ಕೆ ಆರು ಗಂಟೆ ನೀರು ಬಿಡುವಾಗ ಈ ಲೆಕ್ಕದಲ್ಲಿ 54,000 ಲೀಟರ್ ಹೋಗುತ್ತದೆ. ಹಗಲಲ್ಲಿ ಎಲ್ಲರೂ ನೀರು ಹಿಡಿಯುವಾಗ ಪೈಪಿನ ಒತ್ತಡ ಕಡಿಮೆ ಇರುತ್ತದೆ, ಸೋರುವುದೂ ಕಡಿಮೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ, ಆ ಕಡೆಗೆ ನಾವು ದಿನಕ್ಕೆ ಬಿಡುವ ಒಂದೂವರೆ ಲಕ್ಷ ಲೀಟರಿನಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಮಣ್ಣಿಗೆ ಹೋಗುತ್ತಿತ್ತು. 2018ರ ಬರದಲ್ಲಿ ಕೇಪ್‌ಟೌನ್ ನಗರ ತನ್ನ ಜನರಿಗೆ ಹಾಕಿದ ಮಿತಿ ಒಬ್ಬರಿಗೆ ದಿನಕ್ಕೆ 50 ಲೀಟರ್. ಆ ಲೆಕ್ಕ ಹಿಡಿದರೆ ನಾವು ಹೆಚ್ಚು ಕಡಿಮೆ ಸಾವಿರ ಜನರ ಪಾಲು ಚೆಲ್ಲುತ್ತಿದ್ದೆವು. ಆಗ ನನಗೆ ಅನಿಸಿದ್ದು ಇಷ್ಟೇ: ಗೋಡೆ ಮೇಲೆ "ನೀರು ಉಳಿಸಿ" ಅಂತ ಬರೆಸುವ ಮೊದಲು ಸಮಿತಿ ತನ್ನ ಪೈಪಿನಲ್ಲಿ ಉಳಿಸಬೇಕು. ಕೊನೆ ಬೀದಿಯವರು ಕೊಡ ಹೊತ್ತು ಹನಿ ಹನಿ ಉಳಿಸುತ್ತಲೇ ಇದ್ದರು. ಅವರಿಗೆ ಉಪದೇಶ ಮಾಡುವ ಹಕ್ಕು ನಮಗೆ ಇರಲಿಲ್ಲ.

ಈಗ ಸೋರುವ ಜಾಗ ಹುಡುಕಬೇಕು. ಇದಕ್ಕೆ ಒಂದು ಹಳೇ ವಿಧಾನ ಇದೆ. ಟ್ಯಾಂಕಿನಿಂದ ತೀರಾ ದೂರ ಇರುವ ಬೀದಿಯ ವಾಲ್ವ್‌ನಿಂದ ಶುರುಮಾಡಿ ಒಂದೊಂದನ್ನೇ ಮುಚ್ಚುತ್ತಾ ಟ್ಯಾಂಕಿನ ಕಡೆಗೆ ಬರುವುದು. ಪ್ರತಿ ವಾಲ್ವ್ ಮುಚ್ಚಿದ ಮೇಲೆ ಕಾಲು ಗಂಟೆ ಕಾದು ಟ್ಯಾಂಕ್ ಎಷ್ಟು ಇಳಿಯಿತು ಅಂತ ನೋಡುವುದು. ಯಾವ ವಾಲ್ವ್ ಮುಚ್ಚಿದಾಗ ಇಳಿತ ಒಮ್ಮೆಲೇ ಕಡಿಮೆಯಾಗುತ್ತದೋ ಆ ಬೀದಿಯಲ್ಲಿ ಸೋರಿಕೆ. ನಮ್ಮಲ್ಲಿ ಶುರುವಿನಲ್ಲಿ ಕಾಲು ಗಂಟೆಗೆ ನಾಲ್ಕೂವರೆ ಸೆಂಟಿಮೀಟರ್ ಇಳಿಯುತ್ತಿತ್ತು. ಒಂದೊಂದೇ ಬೀದಿ ಮುಚ್ಚುತ್ತಾ ಬಂದ ಹಾಗೆ ಸ್ವಲ್ಪ ಸ್ವಲ್ಪ ಕಡಿಮೆಯಾಗಿ ನಾಲ್ಕಕ್ಕೆ ಬಂತು. ಚರಂಡಿ ಪಕ್ಕದ ಬೀದಿಯ ವಾಲ್ವ್ ಮುಚ್ಚಿದ ಮೇಲೆ ಒಂದೂವರೆ. ಟ್ಯಾಂಕಿನ ಮೇಲಿದ್ದ ಹುಡುಗ ಎರಡೆರಡು ಸಲ ಕೋಲು ಇಳಿಸಿ ನೋಡಿ ಫೋನಿನಲ್ಲಿ ಹೇಳಿದ. ಸೋರುವ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದೇ ಬೀದಿಯಲ್ಲಿ ಹೋಗುತ್ತಿತ್ತು.

ಆ ಬೀದಿಯ ನೆಲ ಒಣಗಿತ್ತು. ಎಲ್ಲೂ ತೇವ ಇಲ್ಲ, ಹುಲ್ಲು ಹಸಿರಾಗಿಲ್ಲ. ಸೋರಿಕೆ ಅಂದರೆ ರಸ್ತೆ ಮೇಲೆ ಚಿಮ್ಮುವ ನೀರು ಅಂದುಕೊಂಡವರೇ ಹೆಚ್ಚು. ಎಷ್ಟೋ ಸೋರಿಕೆ ನೆಲದ ಮೇಲೆ ಬರುವುದೇ ಇಲ್ಲ, ಕೆಳಗಿನ ಮರಳಿಗೋ, ಹತ್ತಿರದ ಚರಂಡಿಗೋ ಸದ್ದಿಲ್ಲದೆ ದಾರಿ ಮಾಡಿಕೊಳ್ಳುತ್ತದೆ. ನೀರುಗಂಟಿ ಅಣ್ಣ ಕಬ್ಬಿಣದ ಸಲಾಕೆಯೊಂದನ್ನು ವಾಲ್ವಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು ಕೂತರು. ಕಬ್ಬಿಣದ ಪೈಪಿನಲ್ಲಿ ಸೋರಿಕೆಯ ಸುಯ್ ಅನ್ನುವ ಶಬ್ದ ದೂರದವರೆಗೂ ಬರುತ್ತದೆ. ಪಿವಿಸಿ ಪೈಪಿನಲ್ಲಿ ಅಷ್ಟು ದೂರ ಬರುವುದಿಲ್ಲ, ಆ ಬೀದಿಯಲ್ಲಿದ್ದದ್ದು ಪಿವಿಸಿ. ಹಾಗಾಗಿ ಪ್ರತಿ ಮನೆಯ ಸ್ಟಾಪ್‌ಕಾಕ್ ಮೇಲೂ ಸಲಾಕೆ ಇಟ್ಟು ಕೇಳುತ್ತಾ ಹೋದರು. ನಾನು ಟಾರ್ಚ್ ಹಿಡಿದು ಚರಂಡಿಯನ್ನೇ ನೋಡುತ್ತಾ ಅವರ ಹಿಂದೆ ನಡೆದೆ. ಮೂರು ಗಂಟೆ ರಾತ್ರಿಯಲ್ಲಿ ಚರಂಡಿ ಹೆಚ್ಚು ಕಡಿಮೆ ಒಣಗಿರಬೇಕು ಅಲ್ವಾ? ಒಂದು ಕಡೆಯಿಂದ ಕೆಳಕ್ಕೆ ಕೈಬೆರಳ ದಪ್ಪ ತಿಳಿ ನೀರು ಹರಿಯುತ್ತಿತ್ತು. ಆ ನೀರನ್ನು ಗೋಡೆಯಿಂದ ಹೊರಬರುವ ಜಾಗದಲ್ಲೇ ಹಿಡಿದು, ಕ್ಲೋರಿನ್ ಇದ್ದರೆ ಬಣ್ಣ ತೋರಿಸುವ ಕಿಟ್‌ನಲ್ಲಿ ಪುಡಿ ಹಾಕಿ ಅಲ್ಲಾಡಿಸಿದೆ. ತೆಳುವಾಗಿ ಗುಲಾಬಿ ಬಣ್ಣ ಬಂತು. ಚರಂಡಿ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅದು ನಮ್ಮ ಟ್ಯಾಂಕಿನ ನೀರು.

ಬೆಳಗಾದ ಮೇಲೆ ಅಗೆಸಿದೆವು. ಮುಖ್ಯ ಪೈಪಿನಿಂದ ಮನೆಗೆ ಕವಲು ತೆಗೆಯುವ ಕಡೆ ಒಂದು ಸ್ಯಾಡಲ್ ಹಾಕಿರುತ್ತಾರೆ, ಪೈಪಿಗೆ ಬಿಗಿದ ಪಟ್ಟಿ, ನಡುವೆ ರಬ್ಬರ್ ವಾಷರ್. ಬೋಲ್ಟುಗಳು ತುಕ್ಕು ಹಿಡಿದು ತೆಳ್ಳಗಾಗಿದ್ದವು, ರಬ್ಬರ್ ಗಟ್ಟಿಯಾಗಿ ಸೀಳಿತ್ತು. ಒತ್ತೊತ್ತಾಗಿದ್ದ ಎರಡು ಸ್ಯಾಡಲ್‌ಗಳ ಕಥೆಯೂ ಅದೇ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಅಲ್ಲಿಂದ ಹೊರಟ ಕವಲು ಪೈಪುಗಳು ಚರಂಡಿಯ ಗೋಡೆ ಕೊರೆದುಕೊಂಡು, ಚರಂಡಿಯ ಒಳಗೇ ಹಾದು ಮನೆಗಳಿಗೆ ಹೋಗುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಮುಖ್ಯ ಅನಿಸಿದ್ದು ಇದೇ. ನೀರು ಬಿಟ್ಟಾಗ ತೂತಿನಿಂದ ನೀರು ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿದಾಗ ಪೈಪ್ ಖಾಲಿಯಾಗುತ್ತಾ ಒಳಗೆ ಎಳೆತ ಉಂಟಾಗುತ್ತದೆ, ಆಗ ಹೊರಗಿನದು ಅದೇ ತೂತಿನಿಂದ ಒಳಗೆ ಬರುತ್ತದೆ. ಹೊರಗಡೆ ಚರಂಡಿ ಇದ್ದರೆ ಚರಂಡಿ ನೀರೇ ಬರುತ್ತದೆ. ಅಗೆಯುವುದನ್ನು ನೋಡುತ್ತಾ ನಿಂತಿದ್ದ ಒಬ್ಬ ಅಮ್ಮ ಹೇಳಿದರು, "ನಾವು ಮೊದಲಿನ ಎರಡು ಕೊಡ ಚೆಲ್ಲೇಬಿಡ್ತೀವಪ್ಪ, ವಾಸನೆ ಬರುತ್ತೆ. ಆಮೇಲಿನದು ಚೆನ್ನಾಗಿರುತ್ತೆ." ಅವರ ಮನೆಯ ಮಗುವಿಗೆ ಪದೇ ಪದೇ ಭೇದಿ ಆಗುತ್ತಿತ್ತಂತೆ. ಅವರು ಹಿಂದೆ ದೂರು ಕೊಟ್ಟಾಗ, ಟ್ಯಾಂಕ್ ತೊಳೆಸಿದ್ದೇವೆ ಅನ್ನುವ ಉತ್ತರ ಸಿಕ್ಕಿತ್ತು. ಟ್ಯಾಂಕ್ ತೊಳೆಸಿದ್ದು ನಿಜವೇ. ಟ್ಯಾಂಕಿನ ನೀರು ಚೆನ್ನಾಗಿಯೇ ಇತ್ತು. ಮೊದಲ ಕೊಡ ವಾಸನೆ ಬಂದು ಆಮೇಲೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಟ್ಯಾಂಕಿನ ಕಡೆ ಹೋಗಬೇಡಿ, ಆ ಬೀದಿಯ ಪೈಪ್ ಅಗೆಯಿರಿ. ನೀರು ಉಳಿಸುವುದು ಬೇರೆ, ನೀರು ಶುದ್ಧ ಇಡುವುದು ಬೇರೆ ಅಂತ ಎರಡು ಫೈಲ್ ಮಾಡಿಟ್ಟುಕೊಂಡಿರುತ್ತಾರಲ್ಲ, ಆ ಗುಂಡಿಯಲ್ಲಿ ನಿಂತು ನೋಡಿದರೆ ಎರಡೂ ಒಂದೇ ತೂತು.

ಆ ಕವಲುಗಳನ್ನೆಲ್ಲ ಕಿತ್ತು, ಚರಂಡಿಯ ಮೇಲಿಂದ ದಪ್ಪ ಪೈಪಿನೊಳಗೆ ಹಾಯಿಸಿ ಹೊಸದಾಗಿ ಕೊಟ್ಟೆವು. ಸ್ಯಾಡಲ್ ಬದಲಿಸುವಾಗ ತುಕ್ಕು ಹಿಡಿಯದ ಬೋಲ್ಟ್ ಹಾಕಿಸಿದೆವು. ಇಲ್ಲಿ ಅಗ್ಗದ್ದು ತಂದರೆ ಮತ್ತೆ ಅದೇ ಗುಂಡಿ ಅಗೆಯಬೇಕಾಗುತ್ತದೆ.

ಕ್ಲೋರಿನ್ ಬಗ್ಗೆ ಎರಡು ಮಾತು. ನೀರಿಗೆ ಕ್ಲೋರಿನ್ ಹಾಕಿ ಕನಿಷ್ಠ 30 ನಿಮಿಷ ಬಿಟ್ಟ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು, ಮನೆಯ ನಲ್ಲಿಯಲ್ಲಿ ಕಡೇಪಕ್ಷ 0.2 ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಟ್ಯಾಂಕಿನ ಕೆಳಗೆ ಮಾತ್ರ ನೋಡಿ ಬರೆದುಕೊಳ್ಳುತ್ತಿದ್ದರು. ನಾವು ಕೊನೆ ಮನೆಗಳಲ್ಲಿ ನೋಡಲು ಶುರುಮಾಡಿದಾಗ ಚರಂಡಿ ಬೀದಿಯಲ್ಲಿ ಸೊನ್ನೆ ಬರುತ್ತಿತ್ತು, ರಿಪೇರಿ ಆದ ಮೇಲೆ ಬಣ್ಣ ಕಾಣಿಸಿತು. ಟ್ಯಾಂಕಿನಲ್ಲಿ ಸರಿ ಇದ್ದು ಒಂದು ಬೀದಿಯಲ್ಲಿ ಮಾತ್ರ ಮಾಯವಾದರೆ ಅಲ್ಲಿ ಏನೋ ಒಳಗೆ ಬರುತ್ತಿದೆಯಾ ಅಂತ ಮೊದಲು ನೋಡಬೇಕು. ಇನ್ನು ಬ್ಲೀಚಿಂಗ್ ಪೌಡರ್. ಹೊಸದರಲ್ಲಿ ಶೇ. 33ರ ಆಸುಪಾಸು ಕ್ಲೋರಿನ್ ಇರುತ್ತದೆ. ಒಂದೂವರೆ ಲಕ್ಷ ಲೀಟರಿಗೆ ಲೀಟರಿಗೊಂದು ಮಿಲಿಗ್ರಾಂ ಅಂದರೆ 150 ಗ್ರಾಂ ಕ್ಲೋರಿನ್ ಬೇಕು, ಹೊಸ ಪೌಡರಾದರೆ ಸುಮಾರು 450 ಗ್ರಾಂ. ಅದೇ ಚೀಲ ಬಾಯಿ ತೆರೆದು ಬಿಸಿಲು, ತೇವದಲ್ಲಿ ಬಿದ್ದು ಶೇ. 20ಕ್ಕೆ ಇಳಿದಿದ್ದರೆ 750 ಗ್ರಾಂ ಬೇಕಾಗುತ್ತದೆ. ಅಳತೆ ಲೋಟ ಅದೇ, ಹಾಕುವವರು ಅದೇ, ನೀರಿನಲ್ಲಿ ಕ್ಲೋರಿನ್ ಮಾತ್ರ ಐದರಲ್ಲಿ ಮೂರು ಪಾಲು. ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆರಳಲ್ಲಿ, ಸ್ವಲ್ಪ ಸ್ವಲ್ಪ ತರಿಸಿಟ್ಟುಕೊಳ್ಳಿ.

ದೊಡ್ಡ ಸೋರಿಕೆ ನಿಂತ ಮೇಲೆ ಸಮಿತಿಯಲ್ಲಿ ಎಲ್ಲರೂ ಸಾಕು ಅಂದರು. ನಾನು ಒಂದು ಲೆಕ್ಕ ಬರೆದು ತೋರಿಸಿದೆ. ಮುಖ್ಯ ಪೈಪ್ ಒಡೆದು ಗಂಟೆಗೆ 50,000 ಲೀಟರ್ ಚಿಮ್ಮಿದರೆ ಊರೆಲ್ಲ ಓಡಿಬರುತ್ತದೆ, ಆರು ಗಂಟೆಯಲ್ಲಿ ರಿಪೇರಿ ಆಗುತ್ತದೆ, ಹೋಗುವುದು 3 ಲಕ್ಷ ಲೀಟರ್. ಗಂಟೆಗೆ 200 ಲೀಟರ್ ಸೋರುವ ಕವಲು ಯಾರ ಕಣ್ಣಿಗೂ ಬೀಳುವುದಿಲ್ಲ, ಪೈಪ್ ಸದಾ ತುಂಬಿರುವ ಕಡೆ ಅದು ವರ್ಷಕ್ಕೆ ಹದಿನೇಳು ಲಕ್ಷ ಲೀಟರ್ ದಾಟುತ್ತದೆ. ಎಷ್ಟು ಜೋರಾಗಿ ಸೋರುತ್ತದೆ ಅನ್ನೋದಕ್ಕಿಂತ ಎಷ್ಟು ದಿನ ಸೋರುತ್ತದೆ ಅನ್ನೋದೇ ದೊಡ್ಡದು. ಅದಾದ ಮೇಲೆ ಒಂದು ರಿಜಿಸ್ಟರ್ ಇಟ್ಟೆವು. ದೂರು ಬಂದ ದಿನ, ಜಾಗ ಸಿಕ್ಕ ದಿನ, ರಿಪೇರಿ ಆದ ದಿನ, ಇಷ್ಟೇ ಮೂರು ಕಾಲಂ.

ಒತ್ತಡದ ವಿಷಯವೂ ಹೀಗೇ ಕಣ್ಣಿಗೆ ಕಾಣದ್ದು. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿದ್ದರೆ ಒಂದು ಬಾರ್ ಒತ್ತಡ. ನಮ್ಮ ಊರಿನ ತಗ್ಗಿನ ಬೀದಿಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಒತ್ತಡ, ದಿಬ್ಬದ ಮೇಲೆ ಸಾಲದು. ಒತ್ತಡ ಹೆಚ್ಚಾದಷ್ಟೂ ಸೋರಿಕೆ ಹೆಚ್ಚು, ಅದರಲ್ಲೂ ಪ್ಲಾಸ್ಟಿಕ್ ಪೈಪಿನ ಬಿರುಕು ಒತ್ತಡಕ್ಕೆ ಬಾಯಿ ಇನ್ನಷ್ಟು ಅಗಲಿಸಿಕೊಳ್ಳುತ್ತದೆ. ತಗ್ಗಿನ ಕಡೆಗೆ ಹೋಗುವ ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿದೆವು. ಅಲ್ಲಿಯವರಿಗೆ ನೀರು ಕಡಿಮೆ ಆಯಿತು ಅಂತ ಒಂದಿಷ್ಟು ಜಗಳ ಆಯಿತು. ಕೊಡ ತುಂಬಲು ಹಿಡಿಯುವ ಸಮಯವನ್ನು ಅವರ ಎದುರೇ ಗಡಿಯಾರ ಹಿಡಿದು ನೋಡಿದೆವು, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತಿತ್ತು, ಆದರೆ ಎಲ್ಲರ ಕೊಡವೂ ತುಂಬುತ್ತಿತ್ತು. ಇನ್ನೊಂದು ಮಾತು, ವಾಲ್ವನ್ನು ದಡಾರನೆ ತೆರೆಯುವುದು, ಮುಚ್ಚುವುದು ಮಾಡಬಾರದು. ನೀರಿನ ಹೊಡೆತ ಪೈಪಿನೊಳಗೆ ಸುತ್ತಿಗೆ ಪೆಟ್ಟಿನ ಹಾಗೆ ಬೀಳುತ್ತದೆ, ದುರ್ಬಲ ಜಾಯಿಂಟುಗಳು ಬಿಟ್ಟುಕೊಳ್ಳುತ್ತವೆ.

ಜನರ ಜೊತೆಗಿನ ಕೆಲಸ ಇದೆಲ್ಲಕ್ಕಿಂತ ಕಷ್ಟ. ಮನೆಗಳಿಗೆ ಮೀಟರ್ ಅಂದಾಗ ಸಭೆಯಲ್ಲಿ ಅರ್ಧ ಜನ ಎದ್ದು ನಿಂತರು. ನಾವು ಕಾಂಬೋಡಿಯಾದ ನಾಮ್ ಪೆನ್ ನಗರದ ಕಥೆ ಹೇಳಿದೆವು. 1993ರಲ್ಲಿ ಅಲ್ಲಿನ ನೀರು ಸರಬರಾಜು ಸಂಸ್ಥೆಯನ್ನು ಏಕ್ ಸೊನ್ ಚಾನ್ ವಹಿಸಿಕೊಂಡಾಗ ನೂರು ಲೀಟರಿನಲ್ಲಿ 72 ಲೀಟರ್ ಲೆಕ್ಕಕ್ಕೆ ಸಿಗುತ್ತಿರಲಿಲ್ಲ, ಸೋರಿಕೆ ಒಂದು ಕಡೆ, ಕಳ್ಳ ಸಂಪರ್ಕ ಇನ್ನೊಂದು ಕಡೆ. ಯುದ್ಧದಿಂದ ಎದ್ದು ಬರುತ್ತಿದ್ದ ಬಡ ನಗರ ಅದು. ಅವರು ಎಲ್ಲ ಸಂಪರ್ಕಕ್ಕೂ ಮೀಟರ್ ಹಾಕಿಸಿದರು, ದೊಡ್ಡವರನ್ನೂ ಬಿಡಲಿಲ್ಲ, ಬಡ ಮನೆಗಳಿಗೆ ಸಂಪರ್ಕದ ಖರ್ಚಿನಲ್ಲಿ ರಿಯಾಯಿತಿ ಕೊಟ್ಟರು. ಕೊನೆಗೆ ಆ 72 ಲೀಟರ್ 6ರ ಹತ್ತಿರಕ್ಕೆ ಇಳಿಯಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕಥೆಯಲ್ಲಿ ನಮ್ಮ ಜನಕ್ಕೆ ಹಿಡಿಸಿದ್ದು ದೊಡ್ಡವರ ಮನೆಗೂ ಮೀಟರ್ ಬಂತು ಅನ್ನೋದು. ಹಾಗಾದರೆ ಮೊದಲ ಮೀಟರುಗಳು ಸಮಿತಿಯವರ ಮನೆಗೆ ಹಾಕಿ ಅಂದರು. ಹಾಕಿಸಿಕೊಂಡೆವು. ತೋಟಕ್ಕೆ ನೀರು ಬಿಡುತ್ತಿದ್ದ ಒಂದಿಬ್ಬರು ಪ್ರಭಾವಿಗಳ ಮನೆಗೂ ಆಮೇಲೆ ಹಾಕಿಸಿದೆವು, ಅದಕ್ಕೆ ಬೀದಿಯ ಹೆಂಗಸರೇ ಬಂದು ನಿಂತಿದ್ದರಿಂದ ಆಯಿತು. ಸರದಿ ನೀರಿನಲ್ಲಿ ಮೀಟರ್ ಗಾಳಿಗೂ ತಿರುಗುತ್ತದೆ ಅನ್ನುವ ಜನರ ದೂರು ನಿಜ. ಪೈಪ್ ಖಾಲಿಯಾಗಿ ತುಂಬುವಾಗ ಮೊದಲು ಗಾಳಿ ನುಗ್ಗುತ್ತದೆ. ಎತ್ತರದ ಜಾಗಗಳಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಹಾಕಿಸಿದ ಮೇಲೆಯೇ ಮೀಟರ್ ರೀಡಿಂಗ್ ಬರೆಯಲು ಶುರುಮಾಡಿದೆವು.

ಮನೆಯೊಳಗಿನ ಪೋಲು ಹುಡುಕಲು ಶಾಲೆ ಮಕ್ಕಳು ಸಹಾಯ ಮಾಡಿದರು. ಫ್ಲಶ್ ಟ್ಯಾಂಕಿನಲ್ಲಿ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು, ಕೆಳಗೆ ಬಣ್ಣ ಬಂದಿದೆಯಾ ಅಂತ ನೋಡುವುದು. ಬಂದಿದ್ದರೆ ಒಳಗಿನ ರಬ್ಬರ್ ಹೋಗಿದೆ ಅಂತ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ. ಆದರೆ ನಮ್ಮಲ್ಲಿ ಇದಕ್ಕಿಂತ ದೊಡ್ಡದು ಸಂಪುಗಳು ತುಂಬಿ ಹರಿಯುವುದು. ತುಂಬಿದ ಕೂಡಲೇ ನೀರು ತಾನಾಗಿ ನಿಲ್ಲಿಸುವ ಫ್ಲೋಟ್ ವಾಲ್ವ್ ಇಲ್ಲದ ಸಂಪಿಗೆ ಅದನ್ನು ಹಾಕಿಸಿದರೆ ಬೇರೆ ಏನೂ ಮಾಡದೆಯೇ ಬಹಳ ನೀರು ಉಳಿಯುತ್ತದೆ.

ಇಷ್ಟಾದರೂ ನೆಲದಡಿಯ ನೀರು ನಮ್ಮ ಕೈಯಲ್ಲಿಲ್ಲ. ಊರಿನ ಬೋರ್‌ವೆಲ್ ಸುತ್ತ ಖಾಸಗಿ ಬೋರ್‌ವೆಲ್‌ಗಳಿವೆ, ಎಲ್ಲರೂ ಒಂದೇ ಕಡೆಯಿಂದ ಎಳೆಯುತ್ತಿದ್ದೇವೆ. ಇದಕ್ಕೆ ದಾರಿ ಹುಡುಕುವಾಗ ಎಲಿನೋರ್ ಆಸ್ಟ್ರೋಮ್ ಅವರ ಕೆಲಸ ಗೊತ್ತಾಯಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು 1965ರ ಪಿಎಚ್‌ಡಿ ಪ್ರಬಂಧಕ್ಕೆ ಆರಿಸಿಕೊಂಡಿದ್ದು ಅಂತರ್ಜಲವನ್ನೇ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಜನ ಸಿಕ್ಕಾಪಟ್ಟೆ ನೀರು ಎತ್ತಿ, ಸಮುದ್ರದ ಉಪ್ಪು ನೀರು ಒಳಗೆ ನುಗ್ಗಲು ಶುರುವಾಗಿತ್ತು. ನೀರು ಎತ್ತುವವರೇ ಕೂತು, ಯಾರು ಎಷ್ಟು ಎತ್ತುತ್ತಾರೆ ಅನ್ನುವುದನ್ನು ಎಲ್ಲರಿಗೂ ತಿಳಿಯುವ ಹಾಗೆ ಮಾಡಿ, ಕಡಿತಕ್ಕೆ ಒಪ್ಪಿಕೊಂಡಿದ್ದನ್ನು ಅವರು ಅಲ್ಲಿ ಕಂಡರು. ನಾವು ಅಷ್ಟು ದೂರ ಹೋಗಿಲ್ಲ. ಬೋರ್‌ವೆಲ್ಲಿನ ನೀರಿನ ಮಟ್ಟವನ್ನು ವಾರಕ್ಕೊಮ್ಮೆ, ಪಂಪ್ ನಿಂತು ಕೆಲವು ಗಂಟೆ ಆದ ಮೇಲೆ ಒಂದು ಸಲ, ಓಡುತ್ತಿರುವಾಗ ಒಂದು ಸಲ ಅಳೆದು, ಸಮಿತಿ ಕಚೇರಿಯ ಹೊರಗೋಡೆಯ ಮೇಲೆ ದೊಡ್ಡದಾಗಿ ಗೆರೆ ಎಳೆಯುತ್ತೇವೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಪಕ್ಕದ ತೋಟದವರು ಈಗ ತಮ್ಮ ಬೋರ್‌ವೆಲ್ಲಿನ ಮಟ್ಟವನ್ನೂ ಹೇಳಲು ಬರುತ್ತಾರೆ, ಮೊದಲು ಅದು ಮನೆಯ ಗುಟ್ಟಾಗಿತ್ತು.

ಗೆರೆ ಯಾವ ಮಟ್ಟಕ್ಕೆ ಇಳಿದರೆ ಏನು ಮಾಡಬೇಕು ಅನ್ನುವುದನ್ನು ನೀರು ಚೆನ್ನಾಗಿರುವಾಗಲೇ ತೀರ್ಮಾನಿಸಿ ಬರೆದಿಟ್ಟಿದ್ದೇವೆ. ಮೊದಲ ಗುರುತಿಗೆ ಬಂದರೆ ವಾಹನ ತೊಳೆಯುವುದು, ಅಂಗಳಕ್ಕೆ ಪೈಪ್ ಹಿಡಿಯುವುದು ಬಂದ್. ಎರಡನೆಯದಕ್ಕೆ ಬಂದರೆ ಮನೆಗೆ ಇಷ್ಟೇ ಅಂತ ಮಿತಿ. ಮೂರನೆಯದಕ್ಕೆ ಬಂದರೆ ಕುಡಿಯುವುದಕ್ಕೆ, ಅಡುಗೆಗೆ ಮೊದಲು, ಉಳಿದದ್ದು ಆಮೇಲೆ. ಬರ ಬಂದು ಗಂಟಲು ಹಿಡಿದ ಮೇಲೆ ನಿಯಮ ಮಾಡಲು ಕೂತರೆ ಪ್ರತಿಯೊಂದು ಸಾಲಿಗೂ ಜಗಳ ಆಗುತ್ತದೆ, ಇದನ್ನು ನಾವು ಹಿಂದಿನ ಬೇಸಿಗೆಯಲ್ಲಿ ಕಣ್ಣಾರೆ ಕಂಡಿದ್ದೇವೆ. ಮುಂಚೆಯೇ ಬರೆದಿದ್ದರೆ ಗೋಡೆ ತೋರಿಸಿದರೆ ಸಾಕು.

ಆ ಟ್ಯಾಂಕಿನ ರಾತ್ರಿ ಇಳಿತ ಈಗ ಗಂಟೆಗೆ 4 ಸೆಂಟಿಮೀಟರಿಗೆ ಬಂದಿದೆ, ಅಂದರೆ 2,000 ಲೀಟರ್. ಇನ್ನೂ ಜಾಸ್ತಿಯೇ. ಕೊನೆ ಬೀದಿಗಳಿಗೆ ನೀರು ಮುಟ್ಟುತ್ತಿದೆ, ಬೋರ್‌ವೆಲ್ ಪಂಪಿಗೆ ಮಧ್ಯಾಹ್ನ ಬಿಡುವು ಕೊಡಲು ಆಗುತ್ತಿದೆ. ಉಳಿದ ಸೋರಿಕೆ ಹೆಚ್ಚಾಗಿ ಹಳೇ ಮುಖ್ಯ ಪೈಪಿನ ಜಾಯಿಂಟುಗಳಲ್ಲಿ ಇರಬಹುದು ಅಂತ ನೀರುಗಂಟಿ ಅಣ್ಣನ ಲೆಕ್ಕ. ಅವರ ಜೊತೆ ಈಗ ಇಬ್ಬರು ಹುಡುಗರು ಸಲಾಕೆ ಹಿಡಿದು ಕೇಳುವುದನ್ನು ಕಲಿಯುತ್ತಿದ್ದಾರೆ. ಮಳೆಗಾಲ ಮುಗಿದ ಮೇಲೆ ಎರಡನೇ ಟ್ಯಾಂಕಿನ ಬೀದಿಗಳಲ್ಲಿ ಇದೇ ಪರೀಕ್ಷೆ ಮಾಡುತ್ತೇವೆ, ಮುಖ್ಯ ಪೈಪ್ ಪೂರ್ತಿ ಬದಲಿಸಬೇಕಾ ಅಥವಾ ಜಾಯಿಂಟುಗಳಿಗೆ ಕ್ಲ್ಯಾಂಪ್ ಹಾಕಿದರೆ ಸಾಕಾ ಅನ್ನುವುದನ್ನು ಎರಡೂ ಕಡೆಯ ಅಂಕಿ ಇಟ್ಟುಕೊಂಡು ಆಗ ಸಭೆಯಲ್ಲಿ ತೀರ್ಮಾನ ಮಾಡುತ್ತೇವೆ.